ತುಮಕೂರಿನಿಂದ ಹುಬ್ಬಳ್ಳಿಗೆ: ವಿಮಾನವೋ, ರಸ್ತೆಯೋ?

ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಎಷ್ಟು ಹೊತ್ತು ಅಂತ ಮೊಬೈಲ್‌ನಲ್ಲಿ ಹುಡುಕಿದರೆ ಒಂದು ಗಂಟೆ ಹತ್ತು ನಿಮಿಷ ಅಂತ ಬರುತ್ತದೆ. ರಸ್ತೆಯಲ್ಲಿ ಸುಮಾರು 410 ಕಿ.ಮೀ., ಆರೇಳು ಗಂಟೆ. ಬೆಂಗಳೂರಿನವರಿಗೆ ಈ ಎರಡು ಲೆಕ್ಕ ಸಾಕು. ತುಮಕೂರಿನಲ್ಲಿರುವ ನಮಗೆ ಸಾಲದು. ನಮ್ಮ ಊರಿನಿಂದ ಹೊರಡುವವರ ಲೆಕ್ಕವೇ ಬೇರೆ, ಅದನ್ನು ಯಾರೂ ಬರೆದಿಟ್ಟಿಲ್ಲ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಅಕ್ಕನನ್ನು ಹುಬ್ಬಳ್ಳಿಗೆ ಕೊಟ್ಟಿದ್ದೇವೆ. ಹಬ್ಬ, ನಾಮಕರಣ, ಮೊಮ್ಮಕ್ಕಳ ಹುಟ್ಟುಹಬ್ಬ ಅಂತ ಅಮ್ಮನನ್ನು ಕರೆದುಕೊಂಡು ಹೋಗುವುದು ಇದ್ದೇ ಇರುತ್ತದೆ. ಅಮ್ಮನಿಗೆ ಮಂಡಿ ನೋವು. ಭಾವ ಫೋನ್ ಮಾಡಿದಾಗಲೆಲ್ಲ ಹೇಳುವುದು ಒಂದೇ ಮಾತು: "ವಿಮಾನದಾಗ ಬಂದುಬಿಡ್ರಿ, ಒಂದ್ ತಾಸಿನ್ಯಾಗ ಇಲ್ಲೇ ಇರ್ತೀರಿ." ಅವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಒಂದು ತಾಸು ದೇವನಹಳ್ಳಿಯಿಂದ ಶುರುವಾಗುವುದು, ನಮ್ಮ ಮನೆ ಬಾಗಿಲಿನಿಂದ ಅಲ್ಲ.

ಮೊದಲು ದಿಕ್ಕು ನೋಡಿ. ತುಮಕೂರಿನಿಂದ ಹುಬ್ಬಳ್ಳಿ ಇರುವುದು ವಾಯವ್ಯಕ್ಕೆ. ದೇವನಹಳ್ಳಿ ವಿಮಾನ ನಿಲ್ದಾಣ ಇರುವುದು ಪೂರ್ವಕ್ಕೆ. ಅಂದರೆ ಹುಬ್ಬಳ್ಳಿಗೆ ಹೋಗಬೇಕಾದವರು ಮೊದಲು ಹುಬ್ಬಳ್ಳಿಗೆ ಬೆನ್ನು ಹಾಕಿ ಹತ್ತಿರ ಹತ್ತಿರ 80 ಕಿ.ಮೀ. ಹೋಗಬೇಕು. ಆಮೇಲೆ ವಿಮಾನ ಹತ್ತಿ ಆ 80 ಕಿ.ಮೀ. ವಾಪಸ್ ಬಂದು ಮುಂದಕ್ಕೆ ಹೋಗಬೇಕು. ನಕ್ಷೆಯಲ್ಲಿ ದೇವನಹಳ್ಳಿಯಿಂದ ಹುಬ್ಬಳ್ಳಿಗೆ ಒಂದು ನೇರ ಗೆರೆ ಎಳೆದು ನೋಡಿ. ಆ ಗೆರೆ ನಮ್ಮ ಮಧುಗಿರಿ ಬೆಟ್ಟದ ಹತ್ತಿರವೇ ಹಾದುಹೋಗುತ್ತದೆ, ಶಿರಾದ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ದಾಟುತ್ತದೆ. ಬೆಳಗ್ಗೆ ಕತ್ತಲೆಯಲ್ಲಿ ಎದ್ದು ಹೊರಟು, ಮೂರು ಮೂರೂವರೆ ಗಂಟೆ ಕಳೆದ ಮೇಲೆ ಮತ್ತೆ ನಮ್ಮ ಜಿಲ್ಲೆಯ ಮೇಲೆಯೇ ಇರುತ್ತೇವೆ. ಇದೊಂದು ವಿಷಯ ತಲೆಗೆ ಹೋದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಈಗ ದೂರದ ಲೆಕ್ಕ. ದೇವನಹಳ್ಳಿಯಿಂದ ಹುಬ್ಬಳ್ಳಿಗೆ ಆಕಾಶದಲ್ಲಿ ನೇರ ದೂರ ಸುಮಾರು 370 ಕಿ.ಮೀ. ಊರಿನಿಂದ ಊರಿಗೆ ದೂರ ತೋರಿಸುವ ಕೆಲವು ಕಡೆ ಈ ದೂರವನ್ನು ಗಂಟೆಗೆ 800 ಕಿ.ಮೀ. ಅಂತ ಭಾಗಿಸಿ "ವಿಮಾನದ ಸಮಯ 28 ನಿಮಿಷ" ಅಂತ ಹಾಕಿಬಿಟ್ಟಿರುತ್ತಾರೆ. ಅದನ್ನು ನಂಬಬೇಡಿ. ಆ ವೇಗ ದೊಡ್ಡ ಜೆಟ್ ವಿಮಾನ ಎತ್ತರಕ್ಕೆ ಏರಿ ಸಮವಾಗಿ ಹಾರುವಾಗಿನದು. ಇಷ್ಟು ಹತ್ತಿರದ ಊರಿಗೆ ಏರುವುದು, ಇಳಿಯುವುದೇ ಮುಕ್ಕಾಲು ಪಾಲು, ಮಧ್ಯೆ ಸಮವಾಗಿ ಹಾರುವುದು ಸ್ವಲ್ಪವೇ ಹೊತ್ತು. ಎಟಿಆರ್ ಅನ್ನುವ ಪಂಖದ ವಿಮಾನ ಸಿಕ್ಕರಂತೂ ಅದರ ವೇಗವೇ ಗಂಟೆಗೆ 500 ಕಿ.ಮೀ. ಆಸುಪಾಸು. ಟಿಕೆಟ್ ಮೇಲೆ ಹಾಕಿರುವ ಒಂದು ಗಂಟೆ ಹತ್ತು ನಿಮಿಷ ಬರೀ ಹಾರುವ ಹೊತ್ತೂ ಅಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಆ ಕಡೆ ಹೋಗಿ ನಿಲ್ಲುವ ತನಕ ಅದು. ರನ್‌ವೇ ತನಕ ಉರುಳಿಕೊಂಡು ಹೋಗುವುದು, ಅಲ್ಲಿ ಸರದಿಗೆ ಕಾಯುವುದು, ಇಳಿದ ಮೇಲೆ ಮತ್ತೆ ಉರುಳುವುದು, ಎಲ್ಲ ಸೇರಿ.

ಗಾಳಿಯದೂ ಒಂದು ಪಾತ್ರ ಇದೆ. ದೇವನಹಳ್ಳಿಯ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ವಿಮಾನ ಗಾಳಿಗೆ ಎದುರಾಗಿಯೇ ಏಳಬೇಕು. ಮಳೆಗಾಲದಲ್ಲಿ ಪಶ್ಚಿಮದ ಗಾಳಿ ಬೀಸುವಾಗ ಹುಬ್ಬಳ್ಳಿಯ ವಿಮಾನ ಪಶ್ಚಿಮಕ್ಕೇ ಎದ್ದು ಹಾಗೇ ಮುಂದಕ್ಕೆ ಹೋಗುತ್ತದೆ. ಚಳಿಗಾಲದಲ್ಲಿ ಗಾಳಿ ಪೂರ್ವದಿಂದ ಬೀಸುತ್ತದೆ. ಆಗ ವಿಮಾನ ಹೊಸಕೋಟೆ, ಕೋಲಾರದ ಕಡೆಗೆ ಎದ್ದು, ಸುತ್ತು ಹಾಕಿ ತಿರುಗಿಕೊಳ್ಳಬೇಕು. ಕೆಲವು ನಿಮಿಷ ಅಲ್ಲೇ ಹೋಗುತ್ತದೆ. ಚಳಿಗಾಲದ ಬೆಳಗ್ಗೆ ದೇವನಹಳ್ಳಿಯಲ್ಲಿ ಮಂಜು ಬೇರೆ. ಡಿಸೆಂಬರ್, ಜನವರಿಯಲ್ಲಿ ಆರು ಏಳು ಗಂಟೆಯ ವಿಮಾನ ಹಿಡಿಯುವವರು ತಡವಾಗುವುದನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ಹೊರಡುವುದು ಒಳ್ಳೆಯದು.

ಸರಿ, ಮನೆಯಿಂದ ಮನೆಗೆ ಲೆಕ್ಕ ಹಾಕೋಣ. ವಿಮಾನ ಬೆಳಗ್ಗೆ ಹತ್ತು ಗಂಟೆಗೆ ಅಂತ ಇಟ್ಟುಕೊಳ್ಳಿ. ಬ್ಯಾಗ್ ಕೊಡುವ ಕೌಂಟರ್ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ವಯಸ್ಸಾದವರು ಜೊತೆಗಿದ್ದರೆ ಎಂಟೂವರೆಗೆ ಟರ್ಮಿನಲ್ ಬಾಗಿಲಲ್ಲಿ ಇರಬೇಕು. ತುಮಕೂರಿನಿಂದ ದಾಬಸ್‌ಪೇಟೆ, ಅಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ಅಲ್ಲಿಂದ ದೇವನಹಳ್ಳಿ. ರಸ್ತೆ ಈಗ ಅಗಲವಾಗಿದೆ, ಒಂದೂವರೆ ಗಂಟೆಗೆ ಹೋಗಿಬಿಡಬಹುದು. ಆದರೆ ತುಮಕೂರು-ನೆಲಮಂಗಲ ಮಧ್ಯೆ ಆರು ಪಥದ ಕೆಲಸ ನಡೆಯುವ ಕಡೆ ಸರ್ವಿಸ್ ರಸ್ತೆಗೆ ಇಳಿಸುತ್ತಾರೆ, ಅಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಮುಗಿಯಿತು. ವಿಮಾನ ಯಾರಿಗೂ ಕಾಯುವುದಿಲ್ಲವಾದ್ದರಿಂದ ಎರಡು ಗಂಟೆ ಇಟ್ಟುಕೊಳ್ಳಲೇಬೇಕು. ಹಾಗಾಗಿ ಮನೆ ಬಿಡುವುದು ಆರೂವರೆಗೆ. ಹತ್ತಕ್ಕೆ ಹೊರಟ ವಿಮಾನ ಹನ್ನೊಂದು ಹತ್ತಕ್ಕೆ ಹುಬ್ಬಳ್ಳಿಯಲ್ಲಿ ನಿಲ್ಲುತ್ತದೆ. ಹುಬ್ಬಳ್ಳಿ ನಿಲ್ದಾಣ ಚಿಕ್ಕದು, ಅದೊಂದು ಪುಣ್ಯ. ಇಪ್ಪತ್ತು ನಿಮಿಷಕ್ಕೆ ಬ್ಯಾಗ್ ಹಿಡಿದು ಹೊರಗೆ ಬರಬಹುದು. ಗೋಕುಲ ರಸ್ತೆಯಲ್ಲಿ ಆಟೊ ಹಿಡಿದು ಅಕ್ಕನ ಮನೆ ತಲುಪುವಾಗ ಹನ್ನೆರಡು. ಒಟ್ಟು ಐದೂವರೆ ಗಂಟೆ.

ಈಗ ಅದೇ ಆರೂವರೆಗೆ ಕಾರಿನಲ್ಲಿ ನೇರ ಹುಬ್ಬಳ್ಳಿ ಕಡೆಗೇ ಹೊರಡಿ. ತುಮಕೂರಿನಿಂದ ಹುಬ್ಬಳ್ಳಿ 340 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 48, ಹಿಂದೆ ಎನ್‌ಎಚ್ 4 ಅಂತಿದ್ದದ್ದು, ಊರ ಪಕ್ಕದಲ್ಲೇ ಹೋಗುತ್ತದೆ. ಬೆಂಗಳೂರಿನವರು ಗೊರಗುಂಟೆಪಾಳ್ಯ, ಪೀಣ್ಯ, ನೆಲಮಂಗಲ ದಾಟಿ ಇಲ್ಲಿಗೆ ಬರುವ ಹೊತ್ತಿಗೆ ಸುಸ್ತಾಗಿರುತ್ತಾರೆ. ಆ 70 ಕಿ.ಮೀ. ನಮಗೆ ಇಲ್ಲವೇ ಇಲ್ಲ. ಕಳ್ಳಂಬೆಳ್ಳ ಕೆರೆ ಪಕ್ಕದಲ್ಲಿ ಹಾದು ಶಿರಾ, ಆಮೇಲೆ ಹಿರಿಯೂರು, ಚಿತ್ರದುರ್ಗ. ದುರ್ಗಕ್ಕೆ 130 ಕಿ.ಮೀ., ಎಂಟೂಕಾಲಿನ ಹೊತ್ತಿಗೆ ಗುಡ್ಡದ ಸಾಲಿನ ಮೇಲಿನ ಗಾಳಿಯಂತ್ರಗಳು ಕಾಣುತ್ತವೆ. ಅಲ್ಲೆಲ್ಲಾದರೂ ನಿಲ್ಲಿಸಿ ತಿಂಡಿ ತಿಂದು, ಅಮ್ಮ ಹತ್ತು ಹೆಜ್ಜೆ ಓಡಾಡಿ, ಮತ್ತೆ ಹೊರಟರೆ ದಾವಣಗೆರೆ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನಬೇಕು ಅಂದರೆ ಹೆದ್ದಾರಿ ಬಿಟ್ಟು ಊರೊಳಗೆ ಹೋಗಬೇಕು, ಅದಕ್ಕೆ ಮುಕ್ಕಾಲು ಗಂಟೆ ಬೇರೆ ಎತ್ತಿಡಿ. ಹರಿಹರದ ಹತ್ತಿರ ತುಂಗಭದ್ರೆ ದಾಟಿದ ಮೇಲೆ ಹಾವೇರಿ ಜಿಲ್ಲೆ. ರಾಣೆಬೆನ್ನೂರು, ಹಾವೇರಿ, ಬಂಕಾಪುರ, ಶಿಗ್ಗಾಂವಿ. ಹನ್ನೆರಡರ ಹೊತ್ತಿಗೆ ಗಬ್ಬೂರು ಹತ್ತಿರ ಹೆದ್ದಾರಿ ಬಿಟ್ಟು ಹುಬ್ಬಳ್ಳಿ ಒಳಗೆ.

ಎರಡೂ ಸಮ! ವಿಮಾನದಲ್ಲಿ ಹೋದರೂ ಹನ್ನೆರಡು, ಕಾರಿನಲ್ಲಿ ಹೋದರೂ ಹನ್ನೆರಡು.

ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ತನಕ ಅವಕಾಶ ಇದೆ, ಹಾಗಿದ್ದರೆ 340 ಕಿ.ಮೀ.ಗೆ ಮೂರೂವರೆ ಗಂಟೆ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಸರಾಸರಿ ವೇಗ ಗಂಟೆಗೆ 70 ಬಂದರೆ ಅದೇ ದೊಡ್ಡದು. ಬಲಗಡೆ ಲೇನ್ ಹಿಡಿದು ಹೋಗುವ ಲಾರಿಗಳು, ಮೇಲ್ಸೇತುವೆ ಕೆಲಸ, ಹೆದ್ದಾರಿಯಲ್ಲೇ ಎದುರಿಗೆ ಬರುವ ಬೈಕು, ಟ್ರ್ಯಾಕ್ಟರ್. ಕರ್ಜೀವನಹಳ್ಳಿ, ಗುಯಿಲಾಳು, ಹೆಬ್ಬಾಳು, ಚಳಗೇರಿ, ಬಂಕಾಪುರ ಅಂತ ಟೋಲ್‌ಗಳು ಬೇರೆ. 2021ರ ಫೆಬ್ರುವರಿಯಲ್ಲಿ ಫಾಸ್ಟ್‌ಟ್ಯಾಗ್ ಕಡ್ಡಾಯ ಆದಮೇಲೆ ಟೋಲ್‌ನಲ್ಲಿ ನಿಲ್ಲುವುದು ಕಡಿಮೆಯಾಗಿದೆ, ಆದರೂ ಹಬ್ಬದ ಹಿಂದಿನ ದಿನ ಸಾಲು ಇದ್ದೇ ಇರುತ್ತದೆ. 100ರಲ್ಲಿ ಓಡಿಸುತ್ತೀರಿ ಅಂದರೂ ಉಳಿಯುವುದು ಅರ್ಧ ಗಂಟೆ. ಅಷ್ಟಕ್ಕಾಗಿ ಮನೆಯವರ ಜೀವ ಕೈಯಲ್ಲಿ ಹಿಡಿಸುವುದು ಬೇಡ.

ಇನ್ನೊಂದು ಮಾತು. ಸಮಯ ಉಳಿಯುತ್ತದೆ ಅಂತ ರಾತ್ರಿ ಎರಡು ಗಂಟೆಗೆ ಹೊರಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೆದ್ದಾರಿ ಬದಿಯಲ್ಲಿ ದೀಪ ಹಾಕದೆ ನಿಲ್ಲಿಸಿದ ಲಾರಿ ಕತ್ತಲೆಯಲ್ಲಿ ಹತ್ತಿರ ಬರುವ ತನಕ ಕಾಣುವುದಿಲ್ಲ. ಬೆಳಗಿನ ಜಾವ ಮೂರರಿಂದ ಐದರ ತನಕ ಎಂಥ ಡ್ರೈವರ್‌ಗೂ ಕಣ್ಣು ಎಳೆಯುತ್ತದೆ. ಐದೂವರೆ, ಆರಕ್ಕೆ ಹೊರಟರೆ ಶಿರಾ ದಾಟುವಾಗ ಚೆನ್ನಾಗಿ ಬೆಳಕಾಗಿರುತ್ತದೆ.

ಹೊತ್ತು ಎರಡಕ್ಕೂ ಒಂದೇ ಆದರೆ ಆಮೇಲೆ ನೋಡಬೇಕಾದದ್ದು ದುಡ್ಡು ಮತ್ತು ಮೈಗೆ ಆಗುವ ಆಯಾಸ. ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಒಂದು ಲೀಟರ್‌ಗೆ 17 ಕಿ.ಮೀ. ಕೊಡುವ ಕಾರಿಗೆ ಹುಬ್ಬಳ್ಳಿ ತನಕ 20 ಲೀಟರ್ ಪೆಟ್ರೋಲ್, ಅದರ ಮೇಲೆ ಟೋಲ್. ಅಷ್ಟರಲ್ಲಿ ನಾಲ್ಕು ಜನ ಹೋಗಬಹುದು. ವಿಮಾನಕ್ಕೆ ನಾಲ್ಕು ಟಿಕೆಟ್, ದೇವನಹಳ್ಳಿ ತನಕ ಟ್ಯಾಕ್ಸಿ, ಆ ಕಡೆ ಆಟೊ. ಒಬ್ಬರೇ ಹೋಗುವುದಾದರೆ, ಟಿಕೆಟ್ ಮುಂಚೆಯೇ ಅಗ್ಗಕ್ಕೆ ಸಿಕ್ಕಿದ್ದರೆ ಯೋಚಿಸಬಹುದು. ಮನೆಮಂದಿಯೆಲ್ಲ ಹೋಗುವುದಕ್ಕೆ ಲೆಕ್ಕವೇ ಬೇಡ.

ಆಯಾಸದ್ದು ಮಾತ್ರ ಸರಿಯಾಗಿ ನೋಡಬೇಕು. ಯಾಕೆಂದರೆ ವಯಸ್ಸಾದವರಿಗೆ ವಿಮಾನವೇ ಸುಖ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ನಾನು ಅಮ್ಮನನ್ನು ಎರಡೂ ರೀತಿಯಲ್ಲಿ ಕರೆದುಕೊಂಡು ಹೋಗಿದ್ದೇನೆ. ವಿಮಾನದಲ್ಲಿ ಕೂರುವ ಒಂದು ಗಂಟೆ ಸುಖವೇ, ಸುಳ್ಳಲ್ಲ. ಆದರೆ ಅದಕ್ಕೆ ಮೊದಲು ಏನೇನಿದೆ ನೋಡಿ. ಟ್ಯಾಕ್ಸಿಯಿಂದ ಇಳಿದು ಬಾಗಿಲಲ್ಲಿ ಗುರುತಿನ ಚೀಟಿ, ಕೌಂಟರ್ ಸಾಲು, ಭದ್ರತಾ ತಪಾಸಣೆಯಲ್ಲಿ ಪರ್ಸು, ಮೊಬೈಲ್ ಎಲ್ಲ ಟ್ರೇಗೆ ಹಾಕಿ ಕೈ ಅಗಲಿಸಿ ನಿಲ್ಲುವುದು, ಅಲ್ಲಿಂದ ಗೇಟ್ ತನಕ ಉದ್ದಕ್ಕೆ ನಡೆಯುವುದು. ಎಟಿಆರ್ ಆದರೆ ಗೇಟ್‌ನಿಂದ ನೇರ ವಿಮಾನದೊಳಗೆ ಹೋಗುವ ಸೇತುವೆ ಇರುವುದಿಲ್ಲ. ಬಸ್ಸು ಹತ್ತಬೇಕು, ಬಸ್ಸಿನಲ್ಲಿ ಬಹಳ ಜನ ನಿಂತೇ ಇರುತ್ತಾರೆ, ವಿಮಾನದ ಹತ್ತಿರ ಇಳಿಯಬೇಕು. ಎಟಿಆರ್‌ನಲ್ಲಿ ಜನ ಹತ್ತುವ ಬಾಗಿಲು ಇರುವುದು ಹಿಂದುಗಡೆ, ಸಾಮಾನು ತುಂಬುವುದು ಮುಂದುಗಡೆ. ಬಾಗಿಲಿಗೇ ಕೂಡಿಸಿದ ನಾಲ್ಕೈದು ಮೆಟ್ಟಿಲು, ಸಣ್ಣವು. ಅಮ್ಮ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಸೀರೆ ನೆರಿಗೆ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ನಿಂತು ಹತ್ತಿದರು. ಹಿಂದೆ ಸಾಲು ನಿಂತಿದೆ ಅಂತ ಅವರಿಗೆ ಮುಜುಗರ. ಸೀಟು ಮುಂದಿನ ಸಾಲಿನಲ್ಲಿ ಸಿಕ್ಕಿದ್ದರಿಂದ ಹಿಂದಿನಿಂದ ಅಲ್ಲಿ ತನಕ ಮತ್ತೆ ಆ ಇಕ್ಕಟ್ಟಿನಲ್ಲಿ ನಡೆಯಬೇಕಾಯಿತು. ನಿಮ್ಮ ಮನೆಯಲ್ಲೂ ಮಂಡಿ ನೋವಿನವರಿದ್ದರೆ ಗಾಲಿಕುರ್ಚಿ ಬೇಕು ಅಂತ ಟಿಕೆಟ್ ಮಾಡುವಾಗಲೇ ಕೇಳಿ. ಎಟಿಆರ್ ಅಂತ ಗೊತ್ತಾದರೆ ಹಿಂದಿನ ಸಾಲಿನ ಸೀಟನ್ನೇ ತೆಗೆದುಕೊಳ್ಳಿ.

ಕಾರಿನಲ್ಲಿ ಕಷ್ಟ ಬೇರೆ ತರಹದ್ದು. ಕಾಲು ಮಡಚಿಕೊಂಡು ಒಂದೇ ಸಮ ಕೂತರೆ ಮಂಡಿ ಹಿಡಿದುಕೊಳ್ಳುತ್ತದೆ. ಆದರೆ ಅದಕ್ಕೆ ಮದ್ದು ನಮ್ಮ ಕೈಯಲ್ಲೇ ಇದೆ. ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿದರೆ ಆಯಿತು. ಮುಂದಿನ ಸೀಟು ಹಿಂದಕ್ಕೆ ಸರಿಸಿ, ಕಾಲು ಚಾಚಿಕೊಂಡು, ಬೇಕಾದಾಗ ನೀರು ಕುಡಿದು, ಮಾತಾಡುತ್ತಾ ಹೋಗಬಹುದು. ಅಕ್ಕನಿಗೆ ಅಂತ ಅಮ್ಮ ಕಟ್ಟುವ ಹುಣಸೆಹಣ್ಣು, ರಾಗಿ ಹಿಟ್ಟು, ತೋಟದ ತೆಂಗಿನಕಾಯಿ, ಉಪ್ಪಿನಕಾಯಿ ಡಬ್ಬಿ ಎಲ್ಲ ಡಿಕ್ಕಿಯಲ್ಲಿ ಹೋಗುತ್ತದೆ. ವಿಮಾನದಲ್ಲಿ ತೂಕ ನೋಡಬೇಕು. "ಅಷ್ಟು ದೂರ ಮಗಳ ಮನೆಗೆ ಬರಿಗೈಲಿ ಹೋಗೋದಾ?" ಅಂತ ಅಮ್ಮ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾರು ಇಲ್ಲದವರಿಗೆ ನಾನು ವಿಮಾನಕ್ಕಿಂತ ರೈಲನ್ನೇ ಹೇಳುತ್ತೇನೆ. ಹುಬ್ಬಳ್ಳಿ ಜನಶತಾಬ್ದಿ ತುಮಕೂರಿನಲ್ಲಿ ನಿಲ್ಲುತ್ತದೆ. 2023ರ ಜೂನ್‌ನಲ್ಲಿ ಶುರುವಾದ ಬೆಂಗಳೂರು-ಧಾರವಾಡ ವಂದೇ ಭಾರತ್‌ಗೂ ಆಮೇಲೆ ಇಲ್ಲಿ ನಿಲುಗಡೆ ಸಿಕ್ಕಿತು. ಈಗಿನ ಮಾರ್ಗ ಅರಸೀಕೆರೆ, ಬೀರೂರು ಸುತ್ತಿಕೊಂಡು ಹೋಗುತ್ತದೆ. ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ಮಾರ್ಗದ ಕೆಲಸ ವರ್ಷಗಟ್ಟಲೆಯಿಂದ ನಡೆಯುತ್ತಿದೆ. ಅದು ಮುಗಿದರೆ ಸುಮಾರು 65 ಕಿ.ಮೀ. ಉಳಿಯುತ್ತದೆ. ಆವತ್ತು ಈ ವಿಮಾನವೋ ರಸ್ತೆಯೋ ಅನ್ನುವ ಪ್ರಶ್ನೆಯೇ ನಮ್ಮ ಮನೆಯಲ್ಲಿ ಏಳುವುದಿಲ್ಲ. ನಮ್ಮ ಜಿಲ್ಲೆಗೆ ಬೇಗ ಆಗಬೇಕಾದ ಕೆಲಸ ಯಾವುದು ಅಂದರೆ ನಾನು ಇದನ್ನೇ ಹೇಳುವುದು.

ಇಷ್ಟೆಲ್ಲ ಓದಿ ನಾನು ವಿಮಾನದ ವಿರೋಧಿ ಅಂದುಕೊಳ್ಳಬೇಡಿ. ಊರು ಬದಲಾದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಮುಂಬೈ ತೆಗೆದುಕೊಳ್ಳಿ. ಅದೂ ಇದೇ ಹೆದ್ದಾರಿ 48ರಲ್ಲಿದೆ, ಅದೂ ವಾಯವ್ಯಕ್ಕೇ, ನಿಲ್ದಾಣ ಅದೇ ತರಹ ಹಿಂದಕ್ಕೇ ಇದೆ. ಆದರೆ ತುಮಕೂರಿನಿಂದ ರಸ್ತೆ 900 ಕಿ.ಮೀ. ಮೇಲೆ, ಹದಿನೈದು ಹದಿನಾರು ಗಂಟೆ. ವಿಮಾನದಲ್ಲಿ ಮನೆಯಿಂದ ಮನೆಗೆ ಏಳು ಗಂಟೆ. ಅಲ್ಲಿ ಯೋಚನೆಯೇ ಬೇಡ. ಹೈದರಾಬಾದ್ ಕೂಡ ಹಾಗೆಯೇ. ದೇವನಹಳ್ಳಿಯಿಂದ ಆಕಾಶದಲ್ಲಿ 455 ಕಿ.ಮೀ. ಆಸುಪಾಸು, ರಸ್ತೆಯಲ್ಲಿ ಹತ್ತು ಗಂಟೆ ಹಿಡಿಯುತ್ತದೆ. ವಿಮಾನವೇ ಸರಿ.

ಚೆನ್ನೈ ಮಾತ್ರ ಬಹಳ ಜನ ಸರಿಯಾಗಿ ಯೋಚಿಸದ ಊರು. ತುಮಕೂರಿನಿಂದ ಚೆನ್ನೈ 400 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಹುಬ್ಬಳ್ಳಿಗಿಂತ ಬರೀ ಅರವತ್ತು ಎಪ್ಪತ್ತು ಕಿ.ಮೀ. ಜಾಸ್ತಿ ಅಷ್ಟೇ. ಆದರೆ ಇಲ್ಲಿ ವಿಮಾನ ಗೆಲ್ಲುತ್ತದೆ. ಯಾಕೆಂದರೆ ಚೆನ್ನೈ ಪೂರ್ವಕ್ಕೆ, ದೇವನಹಳ್ಳಿಯೂ ಪೂರ್ವಕ್ಕೆ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಅಂತ ಕಾರಿನಲ್ಲೇ ಹೋದರೂ ನಿಲ್ದಾಣದ ಹತ್ತಿರವೇ ಹಾದುಹೋಗಬೇಕು. ಹಿಂದಕ್ಕೆ ಹೋದ ದೂರ ಅಂತ ಒಂದು ಕಿಲೋಮೀಟರ್ ಕೂಡ ಇಲ್ಲ. ಹಾಗಾಗಿ ಎಷ್ಟು ದೂರ ಅನ್ನುವುದಕ್ಕಿಂತ ಮೊದಲು, ವಿಮಾನ ನಿಲ್ದಾಣ ನಾವು ಹೋಗುವ ದಿಕ್ಕಿನಲ್ಲಿದೆಯೋ ಬೆನ್ನ ಹಿಂದಿದೆಯೋ ಅಂತ ನೋಡಬೇಕು. ನಾನು ಈಗ ಪ್ರತಿ ಪ್ರಯಾಣಕ್ಕೂ ಮೊದಲು ನೋಡುವುದು ಇದನ್ನೇ.

ಶಿವಮೊಗ್ಗಕ್ಕೂ 2023ರಿಂದ ವಿಮಾನ ಇದೆ. ಶಿವಮೊಗ್ಗದವರಿಗೆ ಅದು ಒಳ್ಳೆಯದಾಯಿತು. ತುಮಕೂರಿನವರಿಗೆ ಬಿ.ಎಚ್. ರಸ್ತೆ ಹಿಡಿದು ಗುಬ್ಬಿ, ತಿಪಟೂರು, ಅರಸೀಕೆರೆ ಮೇಲೆ ನಾಲ್ಕು ಗಂಟೆ. ಅಷ್ಟು ಹೊತ್ತಿಗೆ ದೇವನಹಳ್ಳಿಯಲ್ಲಿ ವಿಮಾನ ಈಗ ತಾನೇ ಎದ್ದಿರುತ್ತದೆ.

ನಮ್ಮ ಕಡೆ ಹಿರಿಯರು ಇನ್ನೂ ಹಳೇ ನಿಲ್ದಾಣದ ದಿನಗಳನ್ನು ನೆನೆಸಿಕೊಳ್ಳುತ್ತಾರೆ. 2008ರ ಮೇ 24ರ ತನಕ ವಿಮಾನ ಹತ್ತಬೇಕಾದರೆ ಎಚ್‌ಎಎಲ್‌ಗೆ ಹೋಗಬೇಕಿತ್ತು, ಅಂದರೆ ಇಡೀ ಬೆಂಗಳೂರನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ದಾಟಬೇಕಿತ್ತು. ದೇವನಹಳ್ಳಿ ಆದಮೇಲೆ ಬೆಂಗಳೂರಿನ ದಕ್ಷಿಣದವರು ದೂರವಾಯಿತು ಅಂದರು, ನಮಗೆ ಮಾತ್ರ ಊರೊಳಗೆ ಹೋಗದೆ ಹೊರಗಿನಿಂದಲೇ ತಲುಪುವ ಹಾಗಾಯಿತು. ಈಗ ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣದ ಮಾತು ನಡೆಯುತ್ತಿದೆ. ದೇವನಹಳ್ಳಿಯ ಒಪ್ಪಂದದಲ್ಲಿ 150 ಕಿ.ಮೀ. ಒಳಗೆ ಇನ್ನೊಂದು ನಿಲ್ದಾಣ 2033ರ ತನಕ ಬರಬಾರದು ಅನ್ನುವ ಷರತ್ತಿದೆ. ಸರ್ಕಾರ ಗುರುತಿಸಿದ ಜಾಗಗಳಲ್ಲಿ ಎರಡು ಕನಕಪುರ ರಸ್ತೆಯ ಕಡೆ, ಒಂದು ನೆಲಮಂಗಲ-ಕುಣಿಗಲ್ ರಸ್ತೆಯಲ್ಲಿ. ಈ ಮೂರನೆಯದು ಆದರೆ ನಮಗೆ ಮನೆಯಿಂದ ಒಂದು ಗಂಟೆಯೊಳಗೆ ನಿಲ್ದಾಣ ಸಿಗುತ್ತದೆ, ಆಗ ಹುಬ್ಬಳ್ಳಿಗೂ ವಿಮಾನ ಒಂದು ಗಂಟೆ ಮುಂದಾಗುತ್ತದೆ. ಕನಕಪುರ ರಸ್ತೆಯಲ್ಲಿ ಆದರೆ ನಮ್ಮ ಜಿಲ್ಲೆಗೆ ಅದರಿಂದ ಏನೂ ಉಪಯೋಗವಿಲ್ಲ. ಜಿಲ್ಲೆಯವರು ಇದನ್ನು ಗಟ್ಟಿಯಾಗಿ ಕೇಳಬೇಕು.

ತುಮಕೂರು ಪೇಟೆಯ ಲೆಕ್ಕ ಇಡೀ ಜಿಲ್ಲೆಗೆ ಹೊಂದುವುದಿಲ್ಲ. ಶಿರಾದವರಿಗೆ ಹುಬ್ಬಳ್ಳಿ ನಮಗಿಂತ 50 ಕಿ.ಮೀ. ಹತ್ತಿರ, ದೇವನಹಳ್ಳಿ 50 ಕಿ.ಮೀ. ದೂರ. ಅವರು ಕಾರಿನಲ್ಲಿ ಹೊರಟರೆ ವಿಮಾನದವರಿಗಿಂತ ಎರಡು ಗಂಟೆ ಮೊದಲೇ ಊಟಕ್ಕೆ ಕೂತಿರುತ್ತಾರೆ. ಕುಣಿಗಲ್‌ನವರದು ಇನ್ನೊಂದು ತರಹ. ಬಹುಪಾಲು ಸುತ್ತಲೂ ಆಂಧ್ರ ಇರುವ ಪಾವಗಡದವರಿಗೆ ಹೆದ್ದಾರಿ 48ಕ್ಕೆ ಬರುವುದಕ್ಕೇ ಒಂದು ಗಂಟೆಯ ಮೇಲೆ ಬೇಕು. ಪಾವಗಡ, ಮಧುಗಿರಿ, ಚಿಕ್ಕನಾಯಕನಹಳ್ಳಿ ಕಡೆಯಿಂದ ಹುಬ್ಬಳ್ಳಿಗೋ ಬೆಳಗಾವಿಗೋ ಆಗಾಗ ಹೋಗಿ ಬರುವವರು ಇದ್ದರೆ, ಎಷ್ಟಕ್ಕೆ ಹೊರಟಿರಿ, ಯಾವ ದಾರಿ, ಎಷ್ಟಕ್ಕೆ ತಲುಪಿದಿರಿ ಅಂತ ನನಗೆ ಬರೆದು ತಿಳಿಸಿ. ಸೇರಿಸಿಕೊಂಡು ಇಡೀ ಜಿಲ್ಲೆಗೆ ಆಗುವ ಹಾಗೆ ಒಂದು ಪಟ್ಟಿ ಮಾಡೋಣ.